ಕಡ್ಡಿ ಬೇರು ಬಿಡುವವರೆಗೆ

ದಾಸವಾಳ, ನಂದಿಬಟ್ಟಲು, ಕಾಕಡ, ಕಾಗದದ ಹೂವಿನಂತಹ ಗಿಡಗಳನ್ನು ನರ್ಸರಿಯಿಂದ ಕೊಂಡೇ ತರಬೇಕೆಂದಿಲ್ಲ. ನೆರೆಯವರ ಅಂಗಳದಲ್ಲಿರುವ ಒಳ್ಳೆಯ ಗಿಡದಿಂದ ಕೇಳಿ ತಂದ ಒಂದು ಕಡ್ಡಿ ಸಾಕು; ಅದರಿಂದ ಬರುವ ಗಿಡ ಹೂವಿನ ಬಣ್ಣದಲ್ಲಾಗಲಿ ಎಸಳಿನಲ್ಲಾಗಲಿ ತಾಯಿಗಿಡವನ್ನೇ ಹೋಲುತ್ತದೆ. ಬೀಜವನ್ನೇ ಕಟ್ಟದ ಡೆಲ್ಲಿ ಕನಕಾಂಬರಕ್ಕಂತೂ ಕಡ್ಡಿಯೇ ಗತಿ.

ಆದರೆ ಬೇರಿಲ್ಲದ ಕಡ್ಡಿಗೆ ಹೀರಿಕೊಳ್ಳಲು ಸಿಗುವ ನೀರು ಅತ್ಯಲ್ಪ, ಎಲೆಗಳಿಂದ ಆವಿಯಾಗಿ ಹೋಗುವ ನೀರು ಮಾತ್ರ ಎಂದಿನಷ್ಟೇ. ದಾವಣಗೆರೆ, ಚಿತ್ರದುರ್ಗದಂತಹ ಒಣಹವೆಯ ಊರುಗಳಲ್ಲಿ ಕಡ್ಡಿ ಸೋಲುವುದು ಹೆಚ್ಚಾಗಿ ಈ ಲೆಕ್ಕ ತಪ್ಪುವುದರಿಂದಲೇ. ಹೀಗಾಗಿ ಬೇರು ಬರಿಸುವ ಪುಡಿ ಯಾವುದು ಎಂದು ವಿಚಾರಿಸುವುದಕ್ಕೆ ಮೊದಲು ಕಡ್ಡಿಯನ್ನು ಎಲ್ಲಿಡಬೇಕು ಎಂಬುದನ್ನು ನಿರ್ಧರಿಸುವುದು ಲೇಸು.

ಕಾಲ ಮತ್ತು ಜಾಗ

ಮಾರ್ಚ್‌ನಿಂದ ಮೇ ಕೊನೆಯವರೆಗೆ ಈ ಕೆಲಸಕ್ಕೆ ಕೈಹಾಕದಿರುವುದೇ ಉತ್ತಮ. ಮುಂಗಾರು ಮಳೆ ಹಿಡಿದು ಗಾಳಿಯಲ್ಲಿ ತೇವ ಏರಿದ ಮೇಲೆ ಹೂಗಿಡಗಳ ಅರೆಬಲಿತ ಕಡ್ಡಿಗಳನ್ನು ನೆಡಬಹುದು. ಅಂಜೂರ, ದಾಳಿಂಬೆಗಳ ಬಲಿತ ಕಡ್ಡಿಗಳಿಗೆ ಡಿಸೆಂಬರ್‌ನಿಂದ ಫೆಬ್ರುವರಿಯ ಮೊದಲ ಭಾಗದವರೆಗಿನ ತಂಪು ದಿನಗಳು ಸರಿಹೊಂದುತ್ತವೆ.

ಮಳೆಗಾಲದಲ್ಲೂ ಒಂದು ಎಚ್ಚರಿಕೆ ಬೇಕು. ಚಿತ್ರದುರ್ಗದ ಬಳಿಯ ಜೋಗಿಮಟ್ಟಿಯ ಸಾಲುಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ; ಆಷಾಢದ ಗಾಳಿ ಈ ಭಾಗದಲ್ಲಿ ಮೋಡ ಮುಸುಕಿದ ದಿನವೂ ಎಲೆಯ ತೇವವನ್ನು ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ತೆರೆದ ಮಾಳಿಗೆಗಿಂತ ಮನೆಯ ಉತ್ತರ ಅಥವಾ ಪೂರ್ವದ ಗೋಡೆಯ ಮಗ್ಗುಲು, ಬೆಳಕಿದ್ದೂ ನೇರ ಬಿಸಿಲು ಮತ್ತು ಗಾಳಿ ತಾಗದ ಜಾಗ ಒಳ್ಳೆಯದು.

ಕಡ್ಡಿ ಆರಿಸಿ ಕತ್ತರಿಸುವುದು

ತಾಯಿಗಿಡ ರೋಗ, ಬಿಳಿಹಿಟ್ಟು ತಿಗಣೆಗಳಿಲ್ಲದ್ದಾಗಿರಬೇಕು. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ತೋಟಗಳಿಂದ ಕಡ್ಡಿ ತರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ದುಂಡಾಣು ಅಂಗಮಾರಿ ರೋಗ ತಗುಲಿದ ಗಿಡದ ಕಡ್ಡಿಯ ಜೊತೆಗೆ ರೋಗವೂ ಮನೆಗೆ ಬರುತ್ತದೆ. ಹೂವಿಲ್ಲದ, ಪೆನ್ಸಿಲ್ ದಪ್ಪದ ರೆಂಬೆಯನ್ನು ಆರಿಸಬೇಕು. ಬಾಗಿಸಿದರೆ ಸ್ವಲ್ಪ ಬಾಗಿ ಬಳಿಕ ಮುರಿಯುವಂತಿದ್ದರೆ ಅದು ಅರೆಬಲಿತ ಕಡ್ಡಿ, ದಾಸವಾಳ ಮಲ್ಲಿಗೆಗಳಿಗೆ ತಕ್ಕದ್ದು. ಸೇವಂತಿಗೆಗೆ ಮಾತ್ರ 5ರಿಂದ 7 ಸೆಂ.ಮೀ. ಉದ್ದದ ಎಳೆಯ ಕುಡಿಯೇ ಬೇಕು. ಬಣ್ಣದ ದೊಡ್ಡ ಗುಲಾಬಿಗಳು ಸಾಮಾನ್ಯವಾಗಿ ಬೇರೊಂದು ಗುಲಾಬಿಯ ಬೇರಿನ ಮೇಲೆ ಕಸಿಮಾಡಿದವು. ಅವುಗಳ ಕಡ್ಡಿ ಸ್ವಂತ ಬೇರು ಬಿಟ್ಟರೂ ಗಿಡಕ್ಕೆ ಅಷ್ಟು ಕಸುವಿರುವುದಿಲ್ಲ. ನಾಟಿ ಗುಲಾಬಿಯಿಂದ ಆರಂಭಿಸುವುದು ಜಾಣತನ.

ಗಿಡದಲ್ಲಿ ನೀರು ತುಂಬಿರುವ ಮುಂಜಾನೆಯ ಹೊತ್ತಿನಲ್ಲಿ, ಸ್ಪಿರಿಟ್‌ನಿಂದ ಒರೆಸಿದ ಹರಿತವಾದ ಕತ್ತರಿಯಿಂದ 15ರಿಂದ 20 ಸೆಂ.ಮೀ. ಉದ್ದದ, ಮೂರು ನಾಲ್ಕು ಗೆಣ್ಣುಗಳಿರುವ ತುಂಡುಗಳನ್ನು ಮಾಡಿಕೊಳ್ಳಬೇಕು. ಬೇರು ಸಾಮಾನ್ಯವಾಗಿ ಗೆಣ್ಣಿನ ಬಳಿಯೇ ಒಡೆಯುವುದರಿಂದ ಕೆಳಗಿನ ತುದಿಯನ್ನು ಗೆಣ್ಣಿನ ತುಸು ಕೆಳಗೆ ಓರೆಯಾಗಿಯೂ, ಮೇಲಿನ ತುದಿಯನ್ನು ಗೆಣ್ಣಿನಿಂದ ಒಂದು ಸೆಂ.ಮೀ. ಮೇಲಕ್ಕೆ ನೇರವಾಗಿಯೂ ಕತ್ತರಿಸಿದರೆ ನೆಡುವಾಗ ತಲೆಕೆಳಗಾಗುವ ಗೊಂದಲವೂ ಇರುವುದಿಲ್ಲ. ಕೆಳಗಿನ ಎಲೆಗಳನ್ನು ತೆಗೆದು, ತುದಿಯಲ್ಲಿ ಎರಡು ಮೂರನ್ನು ಉಳಿಸಿ, ಅವು ದೊಡ್ಡವಾಗಿದ್ದರೆ ಅರ್ಧಕ್ಕೆ ಕತ್ತರಿಸಬೇಕು. ಎಲ್ಲ ಎಲೆಗಳನ್ನೂ ಬೋಳಿಸುವುದು ತಪ್ಪು. ಬೇರೊಡೆಯಲು ಬೇಕಾದ ಆಹಾರ ಮತ್ತು ಚೋದಕ (ಹಾರ್ಮೋನು) ಕೆಳಕ್ಕೆ ಇಳಿಯುವುದು ಆ ಎಲೆಗಳಿಂದಲೇ. ಮೊಗ್ಗಿದ್ದರೆ ಚಿವುಟಿಬಿಡಬೇಕು. ದೇವಕಣಗಿಲೆಯ ಕಡ್ಡಿಯಿಂದ ಹಾಲು ಸುರಿಯುವುದರಿಂದ ಅದನ್ನು ಒಂದು ವಾರ ನೆರಳಿನಲ್ಲಿ ಒಣಗಲು ಬಿಟ್ಟು ಅನಂತರ ನೆಡಬೇಕು, ಇಲ್ಲವಾದರೆ ಬುಡ ಕೊಳೆಯುತ್ತದೆ. ಕಣಗಿಲೆಯ ರಸ ವಿಷವಾದ್ದರಿಂದ ಕತ್ತರಿಸಿದ ಬಳಿಕ ಕೈ ತೊಳೆಯಲೇಬೇಕು.

ಮಣ್ಣು, ಪುಡಿ, ನಾಟಿ

ದಾವಣಗೆರೆ ಸುತ್ತಿನ ಎರೆಮಣ್ಣು ಬೆಳೆಗೆ ಎಷ್ಟೇ ಒಳ್ಳೆಯದಾದರೂ ಕಡ್ಡಿಗೆ ಆಗದು. ನೀರು ಹಿಡಿದಿಟ್ಟು ಬುಡಕ್ಕೆ ಗಾಳಿಯಾಡದಂತೆ ಮಾಡುತ್ತದೆ, ಒಣಗಿದರೆ ಬಿರಿಯುತ್ತದೆ. ತೊಳೆದ ದಪ್ಪ ಮರಳು ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪಾಲು ಬೆರೆಸಿದರೆ ಸಾಕು. ಎಂ-ಸ್ಯಾಂಡ್ ಬಳಸುವುದಾದರೆ ಅದರ ಕಲ್ಲುಪುಡಿ ಹೋಗುವವರೆಗೆ, ನಾರಿನ ಪುಡಿಯಾದರೆ ಅದರ ಉಪ್ಪಿನಂಶ ಇಳಿಯುವವರೆಗೆ ತೊಳೆಯಬೇಕು. ಗೊಬ್ಬರ ಹಾಕಬಾರದು, ಈ ಹಂತದಲ್ಲಿ ಅದು ಕೊಳೆತಕ್ಕಷ್ಟೇ ಸಹಾಯ.

ಬೇರು ಬರಿಸುವ ಪುಡಿಯಲ್ಲಿರುವುದು ಇಂಡೋಲ್ ಬ್ಯುಟಿರಿಕ್ ಆಮ್ಲ. ಎಳೆಯ ಕಡ್ಡಿಗೂ ಬಲಿತ ಕಡ್ಡಿಗೂ ಬೇರೆ ಬೇರೆ ಪ್ರಮಾಣವಿರುವುದರಿಂದ ಪೊಟ್ಟಣವನ್ನು ಓದಿ ಕೊಳ್ಳಬೇಕು. ಕಾಗದದ ಹೂವಿನಂತಹ ಮೊಂಡು ಗಿಡಗಳಿಗೆ ಇದು ಉಪಯುಕ್ತ. ದೊಡ್ಡಪತ್ರೆ, ತುಳಸಿಗಳಿಗೆ ಅನವಶ್ಯಕ. ಜೇನುತುಪ್ಪ ಸವರುವ ರೂಢಿ ಕೆಲವರಲ್ಲಿದೆ, ಆದರೆ ಜೇನು ಬೇರಿನ ಚೋದಕವಲ್ಲ. ಬುಡವನ್ನು ಪುಡಿಯಲ್ಲಿ ಒಮ್ಮೆ ಅದ್ದಿ ಕೊಡವಿ, ಮೊದಲೇ ಕೋಲಿನಿಂದ ಮಾಡಿದ ಕುಳಿಯಲ್ಲಿ ಎರಡು ಗೆಣ್ಣು ಒಳಗಿರುವಂತೆ ಇಳಿಸಿ, ಸುತ್ತ ಬೆರಳಿನಿಂದ ಒತ್ತಬೇಕು. ಕಡ್ಡಿಯನ್ನೇ ಚುಚ್ಚಿದರೆ ಪುಡಿಯೆಲ್ಲ ಮೇಲೆಯೇ ಉಜ್ಜಿಹೋಗುತ್ತದೆ.

ತೇವ, ಕಾಯುವಿಕೆ

ನೆಟ್ಟೊಡನೆ ಒಮ್ಮೆ ಚೆನ್ನಾಗಿ ನೀರು ಹಾಕಿ, ತಳ ಕತ್ತರಿಸಿದ ಎರಡು ಲೀಟರ್ ನೀರಿನ ಬಾಟಲಿಯನ್ನು ಕಡ್ಡಿಯ ಮೇಲೆ ಬೋರಲು ಹಾಕಬೇಕು. ಒಳಗಿನ ತೇವ ಉಳಿದು ಎಲೆ ಬಾಡುವುದಿಲ್ಲ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಮುಚ್ಚಳ ತೆಗೆದರೆ ಬೂಷ್ಟು ಹಿಡಿಯುವುದೂ ಕಡಿಮೆ. ಬಿಸಿಲಿಗೆ ಇಟ್ಟರೆ ಮಾತ್ರ ಒಳಗಿನ ಕಡ್ಡಿ ಬೆಂದುಹೋಗುತ್ತದೆ. ಮುಂದೆ ಮೇಲ್ಮಣ್ಣು ಒಣಗಿದಾಗಲಷ್ಟೇ ನೀರು ಚಿಮುಕಿಸಬೇಕು. ಈ ಭಾಗದ ಹಲವು ಕೊಳವೆಬಾವಿಗಳ ಗಡಸು ನೀರು ಕುಂಡದಂಚಿಗೆ ಬಿಳಿಯ ಪದರ ಕಟ್ಟುವುದರಿಂದ, ಹಿಡಿದಿಟ್ಟ ಮಳೆನೀರು ಸಿಕ್ಕರೆ ಅದನ್ನೇ ಬಳಸುವುದು ಒಳಿತು.

ಸೇವಂತಿಗೆ ಎರಡು ಮೂರು ವಾರಗಳಲ್ಲಿ, ದಾಸವಾಳ ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬಿಡುತ್ತದೆ. ಕಾಗದದ ಹೂವಿಗೆ ಎರಡು ತಿಂಗಳೂ ಹಿಡಿಯಬಹುದು. ಇಲ್ಲಿ ಅನೇಕರು ಮೋಸಹೋಗುವುದು ಹೊಸ ಚಿಗುರಿನಿಂದ. ಕಡ್ಡಿ ತನ್ನೊಳಗಿನ ಸಂಗ್ರಹದಿಂದಲೇ ಚಿಗುರಬಲ್ಲದು, ಬೇರು ಒಂದೂ ಇಲ್ಲದೆ. ಚಿಗುರು ಕಂಡ ಸಂತೋಷದಲ್ಲಿ ಬಾಟಲಿ ತೆಗೆದು ಬಿಸಿಲಿಗಿಟ್ಟರೆ ಅದು ಜೋತುಬೀಳುತ್ತದೆ. ಕಡ್ಡಿಯನ್ನು ಹಗುರವಾಗಿ ಎಳೆದಾಗ ಮಣ್ಣು ಹಿಡಿದುಕೊಂಡಂತೆ ಅನಿಸಿದರೆ, ಅಥವಾ ಕುಂಡದ ತಳದ ತೂತಿನಲ್ಲಿ ಬಿಳಿಯ ಬೇರು ಕಂಡರೆ ಮಾತ್ರ ನಂಬಬೇಕು. ಆ ಬಳಿಕ ಒಂದು ವಾರದ ಅವಧಿಯಲ್ಲಿ ಹೊದಿಕೆಯನ್ನು ದಿನಕ್ಕಿಷ್ಟು ಹೊತ್ತೆಂದು ತೆಗೆದು ಗಿಡವನ್ನು ಹೊರಗಿನ ಗಾಳಿಗೆ ರೂಢಿಮಾಡಿಸಬೇಕು.

ಅನಂತರ ಕೆಂಪುಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಸಮನಾಗಿ ಬೆರೆಸಿದ ಕುಂಡಕ್ಕೆ ಬೇರಿನ ಮಣ್ಣು ಉದುರದಂತೆ ಬದಲಿಸಿ, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವಲ್ಲಿ ಇರಿಸಬಹುದು. ನೆಲದಲ್ಲಿ ನೆಡುವವರು ಹಿಂಗಾರಿನ ಮೊದಲ ಮಳೆಗಳಿಗೆ ಕಾಯುವುದು ಒಳ್ಳೆಯದು. ಎರೆನೆಲವಾದರೆ ಒಂದೂವರೆ ಅಡಿಯ ಗುಂಡಿ ತೆಗೆದು, ನೀರು ನಿಲ್ಲದಂತೆ ಮಣ್ಣನ್ನು ಸುತ್ತಲ ನೆಲಕ್ಕಿಂತ ತುಸು ಎತ್ತರಕ್ಕೆ ಏರಿಸಿ, ನಡುವೆ ಗಿಡವನ್ನಿಟ್ಟು ಆಸರೆಗೆ ಒಂದು ಕೋಲು ಕಟ್ಟಬೇಕು.