ಹದಿನಾಲ್ಕು ಸಮೀಕರಣ ಬಿಟ್ಟು ಒಂದಕ್ಕೆ ಬಂದೆ

ದೇಹದ ತೂಕ ಹೇಗೆ ಏರಿಳಿಯುತ್ತದೆ ಅಂತ ಲೆಕ್ಕ ಹಾಕುವ ಒಂದೇ ಸಮೀಕರಣದ ಮಾಡೆಲ್ ಕಟ್ಟಿದ್ದೇನೆ. ಹಸಿವನ್ನು ಏರಿಸಿ ಇಳಿಸುವ ಹಾರ್ಮೋನುಗಳಾದ ಗ್ರೆಲಿನ್, ಪಿವೈವೈ, ಸಿಸಿಕೆ ಯಾವುದೂ ಇಲ್ಲದೆ ಅದೆಂಥ ತೂಕದ ಮಾಡೆಲ್ ಅಂತ ನಕ್ಕವರೇ ಈಗ ಕೋಡ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ದೊಡ್ಡದನ್ನೇ ಕಟ್ಟಿದ್ದೆ. ಹದಿನಾಲ್ಕು ಸಮೀಕರಣ, ಐವತ್ತು ಚಿಲ್ಲರೆ ಪ್ಯಾರಾಮೀಟರ್. ಹಸಿವು ತಗ್ಗಿಸುವ ಜಿಎಲ್‌ಪಿ-1 ಹಾರ್ಮೋನು ರಕ್ತದಲ್ಲಿ ಎರಡೇ ನಿಮಿಷದಲ್ಲಿ ಅರ್ಧ ಆಗುತ್ತದೆ, ತೂಕ ಅಲ್ಲಾಡೋದಕ್ಕೆ ತಿಂಗಳುಗಳು ಬೇಕು. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಿ, ಆರ್‌ಕೆ4 (ಸಮೀಕರಣವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಸಾಮಾನ್ಯ ವಿಧಾನ) ಹಾಕಿ ಎರಡು ವರ್ಷ ಓಡಿಸಲು ಹೋದೆ. ರಾತ್ರಿಯಿಡೀ ಓಡಿ ಬೆಳಿಗ್ಗೆ ಸಿಗುತ್ತಿದ್ದದ್ದು ಬರೀ ಸೊನ್ನೆ ಮತ್ತು ಅನಂತ! ಇಂಥ ವೇಗ-ನಿಧಾನದ ಜೋಡಿಗೆ ಒಗ್ಗುವ ಇಂಪ್ಲಿಸಿಟ್ ಸಾಲ್ವರ್ ಹಾಕಿದ ಮೇಲೆ ಓಟವೇನೋ ಸರಿಹೋಯಿತು, ಅಳೆದ ತೂಕಕ್ಕೆ ಫಿಟ್ ಮಾತ್ರ ಕೂರಲಿಲ್ಲ. ಗ್ರೆಲಿನ್ ಸ್ರವಿಸುವ ವೇಗವನ್ನೂ ಕರಗುವ ವೇಗವನ್ನೂ ಒಟ್ಟಿಗೆ ದುಪ್ಪಟ್ಟು ಮಾಡಿದರೆ ತೂಕದ ಗೆರೆ ಕದಲುವುದೇ ಇಲ್ಲ. ಅಂದಮೇಲೆ ಯಾವುದನ್ನು ನಂಬೋದು?

ಆ ವರ್ಷದ ಪ್ರಾಜೆಕ್ಟ್ ದುಡ್ಡಿನಲ್ಲಿ ಮೂರನೇ ಒಂದು ಭಾಗ ಕ್ಲೌಡ್ ಬಾಡಿಗೆಗೇ ಹೋಯಿತು. ಉಳಿದದ್ದರಲ್ಲಿ ಹಾರ್ಮೋನ್ ಅಳೆಸಿದೆವು. ರಕ್ತ ತೆಗೆದವರು ಜಿಎಲ್‌ಪಿ-1 ಅನ್ನು ಒಡೆಯುವ ಡಿಪಿಪಿ-4 ಕಿಣ್ವವನ್ನು ತಡೆಯುವ ಮದ್ದು ಇಲ್ಲದ ಟ್ಯೂಬ್ ಬಳಸಿದ್ದರು, ಅಳೆಯುವ ಹೊತ್ತಿಗೆ ಜಿಎಲ್‌ಪಿ-1 ಕರಗಿ ಹೋಗಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ಕೊನೆಗೆ ಹಾರ್ಮೋನುಗಳನ್ನೆಲ್ಲ ಸೇರಿಸಿ ಒಂದೇ ಸಂಖ್ಯೆ ಮಾಡಿದೆ: ಒಂದು ಕಿಲೋ ಇಳಿದರೆ ಹಸಿವು ಎಷ್ಟು ಏರುತ್ತದೆ. ದೇಹದ ತೂಕದ ಸಂಶೋಧಕ ಕೆವಿನ್ ಹಾಲ್ ತಂಡದ 2016ರ ಲೆಕ್ಕದಲ್ಲಿ ಅದು ದಿನಕ್ಕೆ ಸುಮಾರು 100 ಕಿಲೋಕ್ಯಾಲೊರಿ. ದೇಹದ ಖರ್ಚು ದಿನಕ್ಕೆ 25 ಕಿಲೋಕ್ಯಾಲೊರಿಯಷ್ಟು ಇಳಿಯುತ್ತದೆ. ಒಟ್ಟು 125. ಒಂದು ಕಿಲೋ ತೂಕದಲ್ಲಿ 7700 ಕಿಲೋಕ್ಯಾಲೊರಿ ಇದೆ ಅಂತ ಹಿಡಿದು ಭಾಗಿಸಿದರೆ 62 ದಿನ, ಇದೇ ಟೈಮ್ ಕಾನ್‌ಸ್ಟಂಟ್, ಅಂದರೆ ತೂಕ ಹೊಸ ಮಟ್ಟಕ್ಕೆ ಹೊಂದುವ ವೇಗದ ಅಳತೆ; ಇದರ ಮೂರು ಪಟ್ಟು ಕಳೆದರೆ ತೂಕ ಹೆಚ್ಚುಕಡಿಮೆ ನಿಂತಂತೆ.

ಈಗ ಸೆಮಾಗ್ಲುಟೈಡ್, ಜಿಎಲ್‌ಪಿ-1ರ ಹಾಗೆ ಕೆಲಸ ಮಾಡುವ ತೂಕ ಇಳಿಸುವ ಮದ್ದು. 2021ರ ಟ್ರಯಲ್‌ನಲ್ಲಿ ಇಳಿದದ್ದು 15 ಕಿಲೋ ಆಸುಪಾಸು. ಮದ್ದು ಹಸಿವನ್ನು ಸುಮ್ನೆ ಕಳೆಯುತ್ತದೆ ಅಂದುಕೊಂಡರೆ ದಿನಕ್ಕೆ 1875 ಕಿಲೋಕ್ಯಾಲೊರಿ ಕಳೆಯಬೇಕು, ಅದೂ ತೂಕ ಆರೇ ತಿಂಗಳಲ್ಲಿ ನಿಲ್ಲಬೇಕು. ಆಗೋ ಮಾತಲ್ಲ. ಬದಲಿಗೆ ಮದ್ದು ಹಸಿವನ್ನು ಕಳೆಯುವುದರ ಜೊತೆಗೆ ತೂಕ ಇಳಿದಂತೆ ಏರುವ ಹಸಿವನ್ನೂ ಸಡಿಲಿಸುತ್ತದೆ ಅಂದುಕೊಂಡು ಆ 100 ಅನ್ನೇ 50 ಮಾಡಿದೆ. ಟೈಮ್ ಕಾನ್‌ಸ್ಟಂಟ್ 103 ದಿನಕ್ಕೆ ಹೋಯಿತು, ಅದರ ಮೂರು ಪಟ್ಟು 44 ವಾರ, ಡೋಸ್ ಏರಿಸುವ 16 ವಾರ ಸೇರಿಸಿದರೆ 60. ಟ್ರಯಲ್‌ನಲ್ಲಿ ತೂಕ ನಿಂತದ್ದೂ ಹೆಚ್ಚುಕಡಿಮೆ ಅಲ್ಲೇ! ಅವತ್ತು ನನಗೆ ನಿದ್ದೆ ಬರಲಿಲ್ಲ. ಫಿಟ್ ಮಾಡುವಾಗ ಆ ಮೊದಲ 16 ವಾರವನ್ನು ಹೇಗೆ ನಿಭಾಯಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಚೇಷ್ಟೆ ಮಾಡಿದೆ. ದಿನದ ಊಟದಲ್ಲಿ 400 ಕಿಲೋಕ್ಯಾಲೊರಿ ಏರುಪೇರು ತುಂಬಿಸಿ ನೋಡಿದರೆ ತೂಕ ಆಡಿದ್ದು 300 ಗ್ರಾಂ ಅಷ್ಟೇ. ಹಸಿವಿನ ಹಿಡಿತ (ಆ 100) ಪೂರ್ತಿ ತೆಗೆದರೆ ಅದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಬೆಳಗಿನ ತಕ್ಕಡಿ ತೋರಿಸುವ ಒಂದು ಕಿಲೋ ಏರಿಳಿತ ಬಹುಪಾಲು ನೀರೇ, ಅಲ್ವಾ?

ಮದ್ದು ನಿಲ್ಲಿಸಿದ ಮೇಲೆ ಏನಾಗುತ್ತದೆ ಅನ್ನೋದರಲ್ಲಿ ಮಾತ್ರ ಈ ಮಾಡೆಲ್ ಎಡವುತ್ತದೆ. ವರ್ಷದೊಳಗೆ ಎಲ್ಲ ತೂಕ ವಾಪಸ್ ಅನ್ನುತ್ತದೆ. ಟ್ರಯಲ್‌ನವರಲ್ಲಿ ವಾಪಸ್ ಬಂದದ್ದು ಮೂರನೇ ಎರಡು ಭಾಗ. ಈಗ ಅದರ ಹಿಂದೆ ಬಿದ್ದಿದ್ದೇನೆ, ಎರಡನೇ ಸಮೀಕರಣ ಸೇರಿಸದೆಯೇ.