ಆಕ್ಸಲ್ ಕೆಲಸದ ನಂತರ ಚಕ್ರ ಅದುರಿದಾಗ: ಒಂದು ಜಿಪ್ಸಿಯ ಅನುಭವ

ಮುಂದಿನ ಆಕ್ಸಲ್ ಬಿಚ್ಚಿ ಜೋಡಿಸಿದ ಮೇಲೆ ಚಕ್ರ ಅದುರತೊಡಗಿದರೆ ಹೆಚ್ಚಿನವರು ಮೊದಲು ಹೋಗುವುದು ವೀಲ್ ಬ್ಯಾಲೆನ್ಸಿಂಗ್ ಅಂಗಡಿಗೆ. ಪೀಣ್ಯದ ನನ್ನ ಗ್ಯಾರೇಜಿಗೆ ಬಂದ ಮಾರುತಿ ಜಿಪ್ಸಿಯ ಮಾಲೀಕರು ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡನ್ನೂ ಮಾಡಿಸಿ, ಜೆ.ಸಿ. ರಸ್ತೆಯಿಂದ ಸ್ಟೀರಿಂಗಿನ ಅದುರನ್ನು ತಗ್ಗಿಸುವ ಹೊಸ ಸ್ಟೀರಿಂಗ್ ಡ್ಯಾಂಪರ್ ತಂದು ಹಾಕಿಸಿಯೂ ಆಗಿತ್ತು. ಬೇರೊಂದು ಗ್ಯಾರೇಜಿನಲ್ಲಿ ನಕಲ್‌ನ (ಆಕ್ಸಲ್ ತುದಿಯಲ್ಲಿ ಚಕ್ರವನ್ನು ಹೊತ್ತು, ಸ್ಟೀರಿಂಗ್ ಜೊತೆ ತಿರುಗುವ ಭಾಗ) ಆಯಿಲ್ ಸೀಲ್ ಮತ್ತು ಅದು ತಿರುಗುವ ಕೀಲಾದ ಕಿಂಗ್ ಪಿನ್‌ಗಳ ಬೇರಿಂಗ್‌ಗಳನ್ನು ಬದಲಾಯಿಸಿದ ಕೆಲವೇ ವಾರಗಳಲ್ಲಿ ಈ ತೊಂದರೆ ಶುರುವಾಗಿತ್ತು.

ಎಷ್ಟು ಅದುರುತ್ತದೆ ಎನ್ನುವುದಕ್ಕಿಂತ ಯಾವಾಗ ಅದುರುತ್ತದೆ ಎನ್ನುವುದನ್ನು ನಾನು ಮೊದಲು ಕೇಳುತ್ತೇನೆ. ಬ್ಯಾಲೆನ್ಸ್ ತಪ್ಪಿದ ಚಕ್ರ ನಯವಾದ ರಸ್ತೆಯಲ್ಲೂ ಒಂದು ನಿರ್ದಿಷ್ಟ ವೇಗಕ್ಕೆ ನಡುಗುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಬೇಕು. ಈ ಗಾಡಿ ನೈಸ್ ರಸ್ತೆಯಲ್ಲಿ ನೇರವಾಗಿ, ನೆಮ್ಮದಿಯಾಗಿ ಓಡಿತು. ತುಮಕೂರು ರಸ್ತೆಯ ಸರ್ವೀಸ್ ರಸ್ತೆಯಲ್ಲಿ ಐವತ್ತರ ಆಸುಪಾಸಿನಲ್ಲಿ ಒಂದು ಗುಂಡಿ ಹತ್ತಿದ ತಕ್ಷಣ ಸ್ಟೀರಿಂಗ್ ಎರಡೂ ಕಡೆಗೆ ಹೊಡೆದುಕೊಳ್ಳಲಾರಂಭಿಸಿ, ವೇಗ ಪೂರ್ತಿ ಇಳಿಸುವವರೆಗೂ ನಿಲ್ಲಲಿಲ್ಲ. ಎರಡೂ ಮುಂಚಕ್ರಗಳನ್ನು ಒಂದೇ ಇಡೀ ಆಕ್ಸಲ್ ಜೋಡಿಸಿರುವ ಇಂಥ ಗಾಡಿಯಲ್ಲಿ ಈ ಲಕ್ಷಣ ಕಂಡರೆ ಎಲ್ಲೋ ಒಂದು ಕೀಲು ಸಡಿಲವಿದೆ ಎಂದೇ ಹಿಡಿದು ಹುಡುಕುವುದು ಒಳ್ಳೆಯದು.

ಗಾಡಿಯನ್ನು ನೆಲದ ಮೇಲೇ ನಿಲ್ಲಿಸಿ, ನಮ್ಮ ಹುಡುಗನಿಂದ ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಬಲಕ್ಕೆ ಆಡಿಸಿ, ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಸರಳುಗಳಾದ ಟೈ ರಾಡ್‌ನ ತುದಿಗಳ (ಎಂಡ್) ಮೇಲೂ ಡ್ರ್ಯಾಗ್ ಲಿಂಕ್‌ನ ಮೇಲೂ ಕೈಯಿಟ್ಟು ನೋಡಿದೆ, ಎಲ್ಲವೂ ಬಿಗಿಯಾಗಿದ್ದವು. ನಂತರ ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲ್ಲಾಡಿಸಿದಾಗ ಬಲಗಡೆ ಬಹಳ ಸಣ್ಣ ಪ್ಲೇ (ಸಡಿಲ ಅಲುಗಾಟ) ಸಿಕ್ಕಿತು. ಬ್ರೇಕ್ ಒತ್ತಿಸಿದರೂ ಅದು ಹೋಗಲಿಲ್ಲ. ವೀಲ್ ಬೇರಿಂಗ್‌ನ ಪ್ಲೇ ಆಗಿದ್ದರೆ ಬ್ರೇಕ್ ಹಿಡಿದೊಡನೆ ಮಾಯವಾಗುತ್ತಿತ್ತು. ಉಳಿಯಿತೆಂದರೆ ಅನುಮಾನ ಕಿಂಗ್ ಪಿನ್ ಮೇಲೆ.

ಆದರೆ ಕಿಂಗ್ ಪಿನ್ನಿನ ಬಿಗಿತವನ್ನು ಕೈಯ ಅಂದಾಜಿನಲ್ಲಿ ತೀರ್ಮಾನಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಕಲ್‌ನ ಹಿಂಬದಿಯ ಸೀಲ್ ಆಕ್ಸಲ್‌ನ ಚೆಂಡಿನಾಕಾರದ ತುದಿಗೆ ಒತ್ತಿಕೊಂಡಿರುವುದರಿಂದ, ಬೇರಿಂಗ್ ಸಡಿಲವಿದ್ದರೂ ನಕಲ್ ಬಿಗಿಯಾಗಿ ತಿರುಗಿದಂತೆ ಅನ್ನಿಸುತ್ತದೆ. ಹೊಸ ಸೀಲ್ ಹಾಕಿದಾಗಲಂತೂ ಈ ಭ್ರಮೆ ಇನ್ನೂ ಹೆಚ್ಚು. ಹಾಗಾಗಿ ಚಕ್ರ, ಕ್ಯಾಲಿಪರ್ ಬಿಚ್ಚಿ, ಟೈ ರಾಡ್ ಎಂಡ್ ಕಳಚಿ, ಸೀಲನ್ನೂ ಹಿಂದಕ್ಕೆ ಸರಿಸಿ, ನಕಲ್‌ನ ತೋಳಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದೆ. ಜಿಪ್ಸಿಗೆ ನಕಲ್ ಕದಲಲು ಒಂದರಿಂದ 1.8 ಕೆ.ಜಿ. ಎಳೆತ ಬೇಕು. ಎಡಗಡೆ ಆ ಮಿತಿಯೊಳಗೇ ಇತ್ತು. ಬಲಗಡೆ ತಕ್ಕಡಿಯ ಮುಳ್ಳು ಮೇಲೇಳುವ ಮೊದಲೇ ನಕಲ್ ತಿರುಗಿಬಿಟ್ಟಿತು.

ಕಿಂಗ್ ಪಿನ್ ಬಿಚ್ಚಿದಾಗ ಕಾರಣ ಕಂಡಿತು. ಕೆಳಗಿನ ಬೇರಿಂಗ್‌ನ ಹೊರ ರೇಸ್ (ಹೊರಬಳೆ) ತನ್ನ ಗೂಡಿನಲ್ಲಿ ಪೂರ್ತಿ ಕೂತಿರಲಿಲ್ಲ. ಅಂಚಿನಲ್ಲಿ ಹಳೆಯ ಗ್ರೀಸ್‌ನ ಗಟ್ಟಿ ಪದರ ಸಿಕ್ಕಿಕೊಂಡಿತ್ತು. ಓಡುತ್ತಾ ಓಡುತ್ತಾ ರೇಸ್ ಒಳಕ್ಕೆ ಸರಿದು, ಮೊದಲು ಇದ್ದ ಬಿಗಿತ ಕರಗಿಹೋಗಿತ್ತು. ಗೂಡನ್ನು ಶುಚಿಗೊಳಿಸಿ, ರೇಸನ್ನು ತಳಮುಟ್ಟ ಕೂರಿಸಿ, ಬಿಗಿತ ಹೆಚ್ಚಿಸಲು ಕಿಂಗ್ ಪಿನ್‌ಗಳ ಅಡಿಯ ತೆಳು ಶಿಮ್‌ಗಳನ್ನು (ಲೋಹದ ಹಾಳೆಗಳನ್ನು) ಮೇಲೆ ಕೆಳಗೆ ಸಮನಾಗಿ ತೆಗೆಯುತ್ತಾ, ಪ್ರತಿ ಸಲವೂ ಬೋಲ್ಟ್ ಬಿಗಿದು ಎಳೆದು ನೋಡಿದೆ. ಒಂದೇ ಕಡೆಯಿಂದ ತೆಗೆದರೆ ನಕಲ್ ಆಕ್ಸಲ್ ಶಾಫ್ಟಿನ ನೇರದಿಂದ ಸರಿಯುತ್ತದೆ.

ಎರಡೂ ಕಡೆ ಎಳೆತ ಸಮನಾದ ಮೇಲೆ, ಡ್ಯಾಂಪರ್ ಕಳಚಿಟ್ಟು ಅದೇ ಸರ್ವೀಸ್ ರಸ್ತೆಗೆ ಹೋದೆ. ಡ್ಯಾಂಪರ್ ಇದ್ದರೆ ಅಳಿದುಳಿದ ದೋಷವನ್ನು ಅದು ಮುಚ್ಚಿಡುತ್ತದೆ. ಗುಂಡಿ ಹತ್ತಿದಾಗ ಸ್ಟೀರಿಂಗ್ ಒಮ್ಮೆ ಜಗ್ಗಿ ಅಲ್ಲಿಗೇ ನಿಂತಿತು. ಡ್ಯಾಂಪರ್ ಮತ್ತೆ ಜೋಡಿಸಿ ಗಾಡಿ ಒಪ್ಪಿಸುವಾಗ, “ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ತನ್ನಿ ಸಾರ್, ತಕ್ಕಡಿ ಹಾಕಿ ಇನ್ನೊಮ್ಮೆ ನೋಡುತ್ತೇನೆ” ಎಂದು ಹೇಳಿ ಕಳಿಸಿದೆ.