ಸೋಲಾರ್ ಪಂಪ್: ಪ್ಯಾನೆಲ್ ತಿರುಗಿಸಿ, ನೀರಿನ ಹೊತ್ತು ಹೆಚ್ಚಿಸಿ

ವಿಜಯಪುರ ಜಿಲ್ಲೆಯ ತಿಕೋಟಾದ ದ್ರಾಕ್ಷಿ ತೋಟವಿರಲಿ, ಇಂಡಿ ತಾಲ್ಲೂಕಿನ ನಿಂಬೆ ತೋಟವಿರಲಿ, ಸೋಲಾರ್ ಪಂಪ್ ಬೆಳಿಗ್ಗೆ ತಡವಾಗಿ ನೀರು ಎತ್ತುತ್ತದೆ, ಸಂಜೆ ಬೇಗ ನಿಲ್ಲುತ್ತದೆ. ಪಂಪ್ ಕೆಟ್ಟಿದೆ ಅಂತಲ್ಲ. ಬಿಸಿಲು ಓರೆಯಾಗಿ ಬೀಳುತ್ತಿದೆ, ಅಷ್ಟೇ.

ನೇರ ಬಿಸಿಲಿಗೆ ಪ್ಯಾನೆಲ್ 30 ಡಿಗ್ರಿ ಓರೆಯಿದ್ದರೆ ಶೇ 87ರಷ್ಟು ಬಿಸಿಲು ಸಿಗುತ್ತದೆ. 60 ಡಿಗ್ರಿಯಾದರೆ ಅರ್ಧ ಮಾತ್ರ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಹಾಗಾಗಿ ಮಾರ್ಚ್‌ನಲ್ಲಿ ಬೆಳಿಗ್ಗೆ 8:30ರ ಹೊತ್ತಿಗೆ ಮಟ್ಟಸವಾಗಿ ಮಲಗಿಸಿಟ್ಟ ಪ್ಯಾನೆಲ್‌ಗೆ ಅರ್ಧದಷ್ಟೇ ದಕ್ಕುತ್ತದೆ. ಅದನ್ನೇ ಪೂರ್ವಕ್ಕೆ 45 ಡಿಗ್ರಿ ಬಾಗಿಸಿದರೆ ಶೇ 90 ದಾಟುತ್ತದೆ.

ಮೊದಲು ದಿಕ್ಕು ಗುರುತಿಸಿ. ಒಂದು ಕೋಲು ನೆಟ್ಟಗೆ ನಿಲ್ಲಿಸಿ, ನೆರಳು ಅತಿ ಚಿಕ್ಕದಾದಾಗ ಗೆರೆ ಎಳೆಯಿರಿ. ಅದೇ ಉತ್ತರ–ದಕ್ಷಿಣ. ವಿಜಯಪುರದಲ್ಲಿ ಆ ಹೊತ್ತು ಬರುವುದು 12ಕ್ಕಲ್ಲ, ಸುಮಾರು 12:30ಕ್ಕೆ. ಮೇ ಎರಡನೇ ವಾರದಿಂದ ಆಗಸ್ಟ್ ಆರಂಭದವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಗಾಬರಿ ಬೇಡ, ಗೆರೆ ಅದೇ.

ಪ್ಯಾನೆಲ್ ತಿರುಗುವ ಪೈಪ್ ಈ ಗೆರೆಯ ಮೇಲೇ ಇರಬೇಕು. ಬೆಳಿಗ್ಗೆ ಪೂರ್ವಕ್ಕೆ 45 ಡಿಗ್ರಿ, 11ಕ್ಕೆ ಮಟ್ಟಸ, 2ಕ್ಕೆ ಪಶ್ಚಿಮಕ್ಕೆ 45. ಕೈಯಿಂದ ಮೂರು ಸಲ ತಿರುಗಿಸಿದರೆ ಸಾಕು. ಕೋನ ಅಳೆಯಲು ಮೊಬೈಲ್ ಆ್ಯಪ್ ನಡೆಯುತ್ತದೆ. ಸಂಜೆ ಮನೆಗೆ ಹೋಗುವ ಮುಂಚೆ ಮಲಗಿಸಿ ಪಿನ್ ಹಾಕಿ. ಮುಂಗಾರಿಗೆ ಮುಂಚಿನ ಬಿರುಗಾಳಿ ಯಾರಿಗೂ ಹೇಳಿ ಬರುವುದಿಲ್ಲ.

ಸೂರ್ಯನ ಜೊತೆ ಪ್ಯಾನೆಲನ್ನು ತಾನೇ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸುವ, ಮೋಟರ್ ಇರುವ ಒಂದು ಅಕ್ಷದ ಟ್ರ್ಯಾಕರ್‌ನಿಂದ ವರ್ಷಕ್ಕೆ ಸಾಮಾನ್ಯವಾಗಿ ಶೇ 15ರಿಂದ 25ರಷ್ಟು ಕರೆಂಟ್ ಜಾಸ್ತಿ ಸಿಗುತ್ತದೆ. ಆದರೆ ಪಂಪ್ ವಿಷಯದಲ್ಲಿ ಬರೀ ಶೇಕಡಾ ನೋಡಿದರೆ ಲೆಕ್ಕ ತಪ್ಪುತ್ತದೆ. ಆಳದ ಬೋರ್‌ವೆಲ್‌ನಲ್ಲಿ ಕರೆಂಟ್ ಒಂದು ಮಟ್ಟ ಮುಟ್ಟುವವರೆಗೆ ಪಂಪ್ ತಿರುಗಿದರೂ ನೀರು ಮೇಲೆ ಬರುವುದೇ ಇಲ್ಲ. ಬೆಳಿಗ್ಗೆ, ಸಂಜೆ ಆ ಮಟ್ಟ ದಾಟಿಸುವುದೇ ತಿರುಗಿಸುವುದರ ನಿಜವಾದ ಲಾಭ. ಮಧ್ಯಾಹ್ನ ಏನೂ ವ್ಯತ್ಯಾಸವಿಲ್ಲ.

ಮೋಡ ಮುಚ್ಚಿದ ದಿನ ಸುಮ್ನೆ ಮಲಗಿಸಿಬಿಡಿ. ಬೆಳಕು ಎಲ್ಲ ಕಡೆಯಿಂದ ಚದುರಿ ಬರುತ್ತದೆ, ತಿರುಗಿಸಿ ಫಲವಿಲ್ಲ. ಏಪ್ರಿಲ್‌ನ ಕಾವಿಗೂ ಇದು ಮದ್ದಲ್ಲ. ಪ್ಯಾನೆಲ್ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಕರೆಂಟ್ ಕಳೆದುಕೊಳ್ಳುತ್ತದೆ.

ಎರಡು ಸಾಲು ಇದ್ದರೆ ನೆರಳು ನೋಡಿಕೊಳ್ಳಿ. ಪೂರ್ವಕ್ಕೆ ಬಾಗಿದ ಮುಂದಿನ ಸಾಲಿನ ನೆರಳು ಹಿಂದಿನ ಸಾಲಿನ ಅಂಚಿಗೆ ಬಿದ್ದರೂ ಆ ಸಾಲಿನ ಕರೆಂಟ್ ಕುಸಿಯುತ್ತದೆ. ಆಗ ಕೋನ ಸ್ವಲ್ಪ ಇಳಿಸಿ.

ಇನ್ನು ಮನೆ ಮಾಳಿಗೆಗೆ ಟ್ರ್ಯಾಕರ್ ಬೇಕಾ? ನನ್ನ ಮಾತು ಕೇಳಿದರೆ ಬೇಡ. ಗಾಳಿಯ ಒತ್ತಡ, ಮೋಟರ್, ಧೂಳು ತಿನ್ನುವ ಬೇರಿಂಗ್, ರಿಪೇರಿ. ಇದೆಲ್ಲ ಯಾಕೆ? ದಕ್ಷಿಣಕ್ಕೆ 15ರಿಂದ 17 ಡಿಗ್ರಿ ಇಟ್ಟು ಬಿಗಿ ಮಾಡಿಸಿ. ಉಳಿದ ದುಡ್ಡಿಗೆ ಇನ್ನೊಂದು ಪ್ಯಾನೆಲ್ ಹಾಕಿಸಿ.